ಹುದಿಕೇರಿ ತಾರಸಿಯ ಪಶ್ಚಿಮದ ಗೋಡೆ

ಹುದಿಕೇರಿ
19 ಜೂನ್ 2024

ಸಿದ್ದರಾಜಣ್ಣನಿಗೆ ಸುಮಿತಾಳ ನಮಸ್ಕಾರ.

ಮೊನ್ನೆ ಫೋನಿನಲ್ಲಿ ನೀವು ಕೂಗಿದ್ದು ಕೇಳಿಸಿತು, ಹೇಳಿದ್ದು ಕೇಳಿಸಲಿಲ್ಲ. ಇಲ್ಲಿ ಕರೆಂಟು ಹೋಗಿದೆ, ಟವರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ನಿಮಗೆ ಕೂಗಲು ಬರುವುದಿಲ್ಲ ಎನ್ನುವ ಧೈರ್ಯವೂ ಉಂಟು.

ತಾರಸಿ ಸೋರುತ್ತಿದೆ. ಹಳೆಯ ಜಾಗವಲ್ಲ, ಫೆಬ್ರವರಿಯಲ್ಲಿ ನೀವು ಹೊಸದಾಗಿ ಮಾಡಿಕೊಟ್ಟ ಜಾಗವೇ. ಮೆಟ್ಟಿಲ ಕೋಣೆಯ ಪಶ್ಚಿಮದ ಗೋಡೆ ತಾರಸಿಗೆ ಕೂಡುವ ಕಡೆ, ಗೋಡೆಯ ಬುಡದ ಉದ್ದಕ್ಕೂ ಅಲ್ಯೂಮಿನಿಯಂ ತಗಡು ಬಗ್ಗಿಸಿ ಕೂರಿಸಿದಿರಲ್ಲ, ಸರಿಯಾಗಿ ಅದರ ಕೆಳಗೆ. ನನ್ನ ಹೊಲಿಗೆ ಅಂಗಡಿಯ ಕತ್ತರಿಸುವ ಮೇಜು ಅಲ್ಲೇ ಇರುವುದು. ಮದುವೆ ಗಂಡು ತೊಡುವ ಉದ್ದ ನಿಲುವಂಗಿ, ಬಿಳಿ ಕುಪ್ಯವೊಂದನ್ನು ಹರಡಿಟ್ಟಿದ್ದೆ, ಬೆಳಿಗ್ಗೆ ಬಂದು ನೋಡಿದರೆ ಬೆನ್ನಿನ ಮೇಲೆ ಹಳದಿ ಕಲೆ. ಹೊಸ ಬಟ್ಟೆ ತಂದು ಮತ್ತೆ ಕತ್ತರಿಸಿದೆ. ಕೆಳಗಿನ ಗೊಬ್ಬರದ ಅಂಗಡಿಯವರು "ಎಂತ ಸುಮಿತಾ, ಮೇಲೆ ಗದ್ದೆ ನಾಟಿಯಾ?" ಎಂದು ತಮಾಷೆ ಮಾಡುತ್ತಾರೆ. ನನಗೆ ನಗು ಬರುವುದಿಲ್ಲ.

ನಮ್ಮ ಕಡೆಯಿಂದ ಮಳೆಗೆ ಮೊದಲು ಮಾಡಬೇಕಾದ್ದನ್ನೆಲ್ಲ ಎಂದಿನ ಹಾಗೆ ಮಾಡಿಸಿಯಾಗಿದೆ. ನಿಮ್ಮ ಕೆಲಸದ ಮೇಲೆ ನನಗೆ ಸಂಶಯವಿಲ್ಲ. ಆದರೆ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿಲ್ಲ. ಒಮ್ಮೆ ಬಂದು ನೋಡಿ ಹೋಗಿ.

ಸುಮಿತಾ


ಹೆಬ್ಬಾಲೆ
25 ಜೂನ್ 2024

ಸುಮಿತಾ,

ಕ್ಷೇಮ ಗೀಮ ಎಲ್ಲ ಆಮೇಲೆ. ಸೋರುತ್ತಿದೆ ಎಂದು ಬರೆದಿದ್ದೀಯ. ಅಲ್ಲಿ ಸೋರಲು ಸಾಧ್ಯವೇ ಇಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೇಷ್ಟ್ರು ಹೊಡೆದರು, ಬಿಟ್ಟೆ. ಆದರೆ ತಾರಸಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತಾರಸಿ ನಡುವಿನಲ್ಲಿ ಸೋರುವುದು ಕಡಿಮೆ. ಗೋಡೆ ಏಳುವ ಕಡೆ, ಪೈಪು ಇಳಿಯುವ ಕಡೆ, ಎರಡು ಕೂಡುವ ಕಡೆ ಸೋರುತ್ತದೆ. ಅದಕ್ಕೇ ನಿನ್ನ ತಾರಸಿಗೆ ಬಳಿದ ಲೇಪವನ್ನು ಅಲ್ಲಿಗೇ ನಿಲ್ಲಿಸದೆ ಗೋಡೆಯ ಮೇಲೆ ಮೊಳದುದ್ದ ಹತ್ತಿಸಿದೆ. ಅದರ ಮೇಲೆ ತಗಡು. ತಗಡಿನ ಮೇಲಂಚನ್ನು ಗೋಡೆಯಲ್ಲಿ ಸೀಳು ಹೊಡೆದು ಒಳಗೆ ತೂರಿಸಿ ಮುಚ್ಚಿದೆ. ಗೋಡೆ ಮೇಲೆ ಇಳಿದ ನೀರು ತಗಡಿನ ಮೇಲೆ ಜಾರಿ ತಾರಸಿಗೆ ಬೀಳಬೇಕು, ತಾರಸಿಯಿಂದ ಪೈಪಿಗೆ. ಬೇರೆ ದಾರಿ ನಾನು ಇಟ್ಟಿಲ್ಲ. ಹಾಗಾದರೆ ನೀರು ಎಲ್ಲಿಂದ ಬಂತು? ನೀನೇ ಹೇಳು.

ನೀರು ಇಳಿಯುವ ಪೈಪಿನ ಬಾಯಿ ಕಟ್ಟಿರಬೇಕು. ಸಿಲ್ವರ್ ಮರದ ಎಲೆ ತುಂಬಿರುತ್ತದೆ, ನೋಡಿಸು. ಗೋಡೆಯ ಬುಡಕ್ಕೆ ಮಳೆ ನೇರವಾಗಿ ಹೊಡೆಯದ ಹಾಗೆ ಇನ್ನಷ್ಟು ಬಂದೋಬಸ್ತು ಮಾಡಿಸು.

ಇನ್ನೊಂದು ಮಾತು. ಮುಂದಿನ ಕಾಗದ ಮನೆ ವಿಳಾಸಕ್ಕೆ ಹಾಕಬೇಡ. ಪುಟ್ಟನ ಟೀ ಅಂಗಡಿ, ಬಸ್ ಸ್ಟ್ಯಾಂಡ್, ಹೆಬ್ಬಾಲೆ ಎಂದು ಹಾಕು. ಯಾಕೆಂದರೆ ಯುಗಾದಿ ದಿನ ನಮ್ಮ ಮನೆಯಲ್ಲಿ ದೊಡ್ಡ ಮಾತಾಯಿತು. ನನ್ನ ಮಗ ತೇಜಸ್, "ಅಪ್ಪ, ಸಾಕು ಕಣಪ್ಪ, ತಾರಸಿಯಿಂದ ಇಳಿ. ವಯಸ್ಸೆಷ್ಟಾಯ್ತು ನೋಡ್ಕೊ" ಎಂದ. ಸೊಸೆ ಉಷಾರಾಣಿ ಅವನ ಪಕ್ಕದಲ್ಲಿ ನಿಂತು ತಲೆಯಾಡಿಸಿದಳು. ನನಗೆ ರೇಗಿತು. "ಕೇಳ್ರೋ, ಹುದಿಕೇರಿ ತಾರಸಿ ಈ ಮಳೆಗಾಲ ಒಂದು ತೊಟ್ಟು ಸೋರಲಿ, ಕರಣೆ ಕೆಳಗಿಡ್ತೀನಿ. ಮತ್ತೆ ಮುಟ್ಟಲ್ಲ" ಎಂದುಬಿಟ್ಟೆ. ನನ್ನ ಹೆಂಡತಿ ರಾಮಮ್ಮ ಒಲೆ ಮುಂದೆ ಕೂತು ಎಲ್ಲ ಕೇಳಿಸಿಕೊಂಡಳು. ಈಗ ನೀನು ಹೀಗೆ ಬರೆಯುತ್ತೀಯ.

ಕರಣೆ ಬಿಟ್ಟು ನಾನು ಏನು ಮಾಡಲಿ? ಜಗಲಿ ಮೇಲೆ ಕೂತು ಟಿವಿ ನೋಡಲೇ?

ಬರಲು ಈಗ ಆಗುವುದಿಲ್ಲ. ಶುಂಠಿಗೆ ಮಣ್ಣು ಕೊಡುವುದಿದೆ.

ಸಿದ್ದರಾಜು


ಹುದಿಕೇರಿ
4 ಜುಲೈ 2024

ಸಿದ್ದರಾಜಣ್ಣನಿಗೆ,

ಪೈಪಿನ ಬಾಯಿ ಶುದ್ಧವಾಗಿಯೇ ಇತ್ತು. ಬೋಜ ಕೈ ಹಾಕಿ ನೋಡಿದ. ಬೋಜ ಗೊತ್ತಲ್ಲ, ತೋಟದ ಆಳುಗಳ ಲೈನ್ ಮನೆಯಲ್ಲಿರುವವನು, ಮಳೆಗಾಲದ ಕೆಲಸವೆಲ್ಲ ನಮಗೆ ಅವನೇ ಮಾಡುವುದು. ನೀವು ಬರೆದ ಹಾಗೆ ಗೋಡೆಯ ಬುಡಕ್ಕೂ ಇನ್ನಷ್ಟು ಬಂದೋಬಸ್ತು ಮಾಡಿಸಿದೆ.

ಅದು ಮಾಡಿಸಿದ ಮೇಲೆ ಸೋರುವುದು ಹೆಚ್ಚಾಗಿದೆ. ಮೊದಲು ಮೇಜಿನ ಮೇಲೆ ಮಾತ್ರ ಇತ್ತು, ಈಗ ಓವರ್‌ಲಾಕ್ ಮೆಷಿನಿನ ಮೇಲೂ. ಮೆಷಿನಿಗೆ ಕೊಡೆ ಬಿಡಿಸಿಟ್ಟು ಹೊಲಿಯುತ್ತೇವೆ. ಹೊಲಿಯಲು ಬರುವ ಲಿಖಿತಾ, "ಅಕ್ಕ, ಗಿರಾಕಿ ಬಂದ್ರೆ ಕೊಡೆ ಅಂಗಡಿ ಅಂತ ತಿಳ್ಕೊಳ್ತಾರೆ" ಎನ್ನುತ್ತಾಳೆ.

ಇನ್ನೊಂದು ವಿಚಿತ್ರ. ಮಳೆ ಹೊಡೆಯುವಾಗ ಸೋರುವುದು ಕಡಿಮೆ. ಮಳೆ ಬಿಟ್ಟು, ಗಾಳಿ ನಿಂತು, ಎಲ್ಲ ಶಾಂತವಾದ ಮೇಲೆ ಚೆನ್ನಾಗಿ ಸೋರುತ್ತದೆ. ಹೀಗೂ ಉಂಟಾ ಅಣ್ಣ? ಆಕಾಶದಲ್ಲಿ ನೀರಿಲ್ಲದಾಗ ಮಾಡಿನಲ್ಲಿ ಎಲ್ಲಿಂದ ಬರುತ್ತದೆ?

ಶುಂಠಿಗೆ ಮಣ್ಣು ಕೊಟ್ಟಾಗಿದ್ದರೆ ಬನ್ನಿ. ಬಸ್ ಸ್ಟ್ಯಾಂಡಿಗೆ ಬೋಜನನ್ನು ಕಳಿಸುತ್ತೇನೆ.

ಸುಮಿತಾ


ಹೆಬ್ಬಾಲೆ
12 ಜುಲೈ 2024

ಸುಮಿತಾ,

ನಿನ್ನ ಕಾಗದವನ್ನು ಪುಟ್ಟನ ಅಂಗಡಿಯಲ್ಲಿ ಕೂತು ಓದಿದೆ. ಟೀ ಆರಿತು. "ಏನಣ್ಣ, ಯಾರಾದ್ರೂ ಹೋಗ್ಬಿಟ್ರಾ?" ಎಂದ ಪುಟ್ಟ. "ನೀರು ಹೋಗ್ತಾ ಇಲ್ಲ ಕಣೋ, ಅದೇ ಕಷ್ಟ" ಎಂದೆ. ಅವನಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.

ಮಳೆ ನಿಂತ ಮೇಲೆ ಸೋರುತ್ತದೆ ಎಂದರೆ ಎಲ್ಲೋ ನೀರು ನಿಲ್ಲುತ್ತಿದೆ. ನಿಂತು, ಮೆಲ್ಲಗೆ ಇಳಿಯುತ್ತಿದೆ. ಎಲ್ಲಿ ನಿಲ್ಲುತ್ತದೆ? ನನ್ನ ಗೋಡೆಯಲ್ಲಿ ನೀರು ನಿಲ್ಲುವ ಜಾಗವಿಲ್ಲ, ನೆಟ್ಟಗೆ ನಿಂತ ಗೋಡೆಗೆ ನೀರು ಹೇಗೆ ಅಂಟಿಕೊಳ್ಳುತ್ತದೆ? ನೀನು ಹೇಳುವುದು ಸುಳ್ಳೆನ್ನಲು ಬಾಯಿ ಬರುವುದಿಲ್ಲ, ನಿಜವೆನ್ನಲು ಬುದ್ಧಿ ಒಪ್ಪುವುದಿಲ್ಲ.

ಮೆಟ್ಟಿಲ ಕೋಣೆಯ ಮೇಲೆ ನೀರಿನ ಟ್ಯಾಂಕಿದೆಯಲ್ಲ, ಅದರ ಮೇಲೆ ನನಗೆ ಅನುಮಾನ. ಬಟ್ಟೆಗೆ ಹಾಕುವ ನೀಲಿ ತಂದು ಟ್ಯಾಂಕಿಗೆ ಸುರಿ. ಕೆಳಗೆ ನೀಲಿ ನೀರು ತೊಟ್ಟಿಕ್ಕಿದರೆ ಟ್ಯಾಂಕಿನ ಪೈಪು ಒಡೆದಿದೆ ಎಂದು ಅರ್ಥ, ನನ್ನ ತಗಡಿನ ತಪ್ಪಲ್ಲ. ಬಿಳಿ ಬಟ್ಟೆ ದೂರ ಇಡು. ಆಮೇಲೆ ನನ್ನನ್ನು ಬೈಯಬೇಡ.

ಇಲ್ಲಿ ಬಿಸಿಲು ಮಾರಾಯ್ತಿ. ಒಂದು ಹನಿ ಬಿದ್ದು ಹೋಗುತ್ತದೆ, ಅಷ್ಟೆ. ಅಂಗಳದಲ್ಲಿ ರಾಮಮ್ಮ ಹಪ್ಪಳ ಒಣಗಿಸುತ್ತಿದ್ದಾಳೆ. ಒಂದೇ ಜಿಲ್ಲೆ, ನಿಮ್ಮಲ್ಲಿ ಕೊಡೆ ಕೆಳಗೆ ಹೊಲಿಯುತ್ತೀರಿ, ನಮ್ಮಲ್ಲಿ ಹಪ್ಪಳ. ಉಷಾರಾಣಿ ಊಟಕ್ಕೆ ಬಡಿಸುವಾಗ, "ಮಾವ, ಹುದಿಕೇರಿ ಕಡೆ ಜೋರು ಮಳೆಯಂತೆ, ಟಿವಿಲಿ ತೋರಿಸಿದ್ರು" ಎಂದಳು. "ಬರಲಿ ಬಿಡು, ಮಳೆಗಾಲ ಅಲ್ವಾ" ಎಂದೆ. ನನ್ನ ಮುಖವನ್ನೇ ನೋಡಿದಳು. ಬೇಗ ಕೈ ತೊಳೆದು ಎದ್ದೆ.

ಈ ವಾರ ಬರಲಾಗುವುದಿಲ್ಲ. ನೆಂಟರಲ್ಲಿ ಗೃಹಪ್ರವೇಶವಿದೆ.

ಸಿದ್ದರಾಜು


ಹುದಿಕೇರಿ
23 ಜುಲೈ 2024

ಸಿದ್ದರಾಜಣ್ಣನಿಗೆ,

ಮರ ಬಿದ್ದು ರಸ್ತೆ ಮುಚ್ಚಿತ್ತು, ನಿಮ್ಮ ಕಾಗದ ತಡವಾಗಿ ಬಂತು.

ನೀಲಿ ಹಾಕಿ ನೋಡಿದೆ. ಕೆಳಗಿನ ಗೊಬ್ಬರದ ಅಂಗಡಿಯ ನಲ್ಲಿಯಲ್ಲಿ ನೀಲಿ ಬಂತು, ಅವರು ಬೈದರು. ನನ್ನ ಮೇಜಿನ ಮೇಲೆ ಬಿದ್ದದ್ದು ಮಾತ್ರ ಅದೇ ಹಳದಿ ನೀರು. ಟ್ಯಾಂಕು ಅಲ್ಲ ಅಣ್ಣ.

ಕಕ್ಕಡ ಹಿಡಿದಿದೆ. ಈ ತಿಂಗಳು ನಮ್ಮಲ್ಲಿ ಮದುವೆ ಇಲ್ಲ, ಶುಭಕಾರ್ಯ ಇಲ್ಲ, ಗಿರಾಕಿಗಳೂ ಇಲ್ಲ. ಅದೊಂದು ಪುಣ್ಯ. ಆದರೆ ಕಕ್ಕಡ ಮುಗಿದೊಡನೆ ಮದುವೆಯ ಬಟ್ಟೆಗಳು ಬರುತ್ತವೆ, ಆಗ ಎಲ್ಲಿ ಇಡಲಿ?

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಮುಚ್ಚಿಟ್ಟರೆ ಸರಿಯಾಗುವುದಿಲ್ಲ. ಕಳೆದ ವಾರ ಗೋಣಿಕೊಪ್ಪದಿಂದ ಮಂಜೇಶ್ ಎನ್ನುವವರನ್ನು ಕರೆಸಿದೆ. ಅವರೂ ವಾಟರ್‌ಪ್ರೂಫಿಂಗ್ ಮಾಡುವವರು, ವಯಸ್ಸು ಚಿಕ್ಕದು. ಮಳೆಯಲ್ಲೇ ಮೇಲೆ ಹತ್ತಿ ಒಂದು ಮೂಲೆ ಎತ್ತಿ ನೋಡಿದರು. "ಅಕ್ಕ, ತಗಡು ಅಂಕುಡೊಂಕು ಕೂತಿದೆ. ಮೇಸ್ತ್ರಿಗೆ ವಯಸ್ಸಾಯ್ತಲ್ವಾ, ಕೈ ಹಿಡಿತ ಹೋಗಿರ್ತದೆ. ಮಳೆ ಬಿಡಲಿ, ಪೂರ್ತಿ ಕಿತ್ತು ಹೊಸದು ಹಾಕುವ" ಎಂದರು. ನಾನು ಹೂಂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

ನೀವು ಬರುತ್ತೀರಿ ಎಂದು ಕಾದೆ. ಬರಲಿಲ್ಲ. ನಾನು ಮತ್ತೆ ಎಂತ ಮಾಡುವುದು?

ಸುಮಿತಾ


ಹೆಬ್ಬಾಲೆ
30 ಜುಲೈ 2024

ಸುಮಿತಾ,

ಆ ಮಂಜೇಶನನ್ನೇ ಇಟ್ಟುಕೋ. ಕಿತ್ತು ಹಾಕಲಿ. ತಗಡನ್ನು ಗುಜರಿಗೆ ಕೊಡಲಿ. ನನ್ನ ಕೈ ನೋಡದವನು ನನ್ನ ಕೈ ವಿಷಯ ಮಾತಾಡುತ್ತಾನೆ, ನೀನು ಕೇಳಿಸಿಕೊಂಡು ನನಗೆ ಬರೆಯುತ್ತೀಯ. ಇನ್ನು ಬರೆಯಬೇಡ.

ಸಿದ್ದರಾಜು


ಹೆಬ್ಬಾಲೆ
24 ಆಗಸ್ಟ್ 2024

ಸುಮಿತಾ,

ಬರೆಯಬೇಡ ಎಂದೆ, ನೀನು ನಿಜವಾಗಿಯೂ ಬರೆಯಲಿಲ್ಲ. ನಿನಗೂ ಹಟ. ದಿನಾ ಪುಟ್ಟನ ಅಂಗಡಿಗೆ ಹೋಗುತ್ತೇನೆ. "ಇಲ್ಲ ಅಣ್ಣ, ಇವತ್ತೂ ಇಲ್ಲ" ಎಂದು ನಾನು ಕೇಳುವ ಮೊದಲೇ ಕೂಗುತ್ತಾನೆ. ಅಕ್ಕಪಕ್ಕ ಕೂತವರು ನಗುತ್ತಾರೆ. ನಗಲಿ.

ನನ್ನ ತಲೆ ಕೆಟ್ಟಿದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ದನದ ಕೊಟ್ಟಿಗೆಯ ಗೋಡೆಗೆ ನಿನ್ನಲ್ಲಿ ಮಾಡಿದ ಹಾಗೇ ಮಾಡಿದೆ. ಅದೇ ಲೇಪ, ಅದೇ ತಗಡು, ಅದೇ ಸೀಳು. ಒಣಗಿದ ಮೇಲೆ ಮೋಟಾರು ಹಾಕಿ ಪೈಪಿನಲ್ಲಿ ನೀರು ಬಿಟ್ಟೆ. ಒಂದು ತೊಟ್ಟು ಒಳಗೆ ಬರಲಿಲ್ಲ. ಹಸು ನನ್ನನ್ನೇ ನೋಡುತ್ತಿತ್ತು. ರಾಮಮ್ಮ ಸಂತೆಯಿಂದ ಬಂದವಳು, "ಕೊಟ್ಟಿಗೆ ಒಳಗೆ ತೇವ ಆಗಿಲ್ಲ, ಹೊರಗೆ ಯಾಕೆ ಹಿಂಗೆ ಕೆಸರು ಮಾಡಿದ್ದೀಯ?" ಎಂದಳು. ಪೈಪು ಸುತ್ತಿಟ್ಟೆ.

ನನ್ನ ಕೈ ಇಲ್ಲಿ ಸರಿಯಾಗಿದೆ, ಅಲ್ಲಿ ತಪ್ಪಿದೆ. ಇದು ಹೇಗೆ? ಹುದಿಕೇರಿ ನೀರಿಗೆ ಬೇರೆ ಗುಣವೇ? ಫೆಬ್ರವರಿಯಲ್ಲಿ ನಾನೇ ಮಾಡಿದ್ದೆನೋ, ಮಾಡಿದೆ ಎಂದು ಅಂದುಕೊಂಡಿದ್ದೇನೋ ಎನ್ನುವವರೆಗೂ ಬಂದಿದೆ. ಆ ಹುಡುಗ ಹೇಳಿದ್ದು ಸರಿ ಇರಬಹುದು. ನಮಗೆ ಗೊತ್ತಾಗದ ಹಾಗೆ ಕೈ ಹೋಗುತ್ತದಂತೆ, ಕಿವಿ ಹೋದ ಹಾಗೆ. ಕಿವಿ ಹೋದವನು ಲೋಕವೇ ಮೆಲ್ಲಗೆ ಮಾತಾಡುತ್ತಿದೆ ಎಂದುಕೊಳ್ಳುತ್ತಾನಲ್ಲ.

ಕಿತ್ತು ಹಾಕಿಸಿದೆಯಾ? ಅದೊಂದು ಬರೆ.

ಸಿದ್ದರಾಜು


ಹುದಿಕೇರಿ
5 ಸೆಪ್ಟೆಂಬರ್ 2024

ಸಿದ್ದರಾಜಣ್ಣನಿಗೆ,

ನಿಮ್ಮ ಕಾಗದ ಓದಿ ಕಣ್ಣಲ್ಲಿ ನೀರು ಬಂತು. ಹಸುವಿನ ವಿಷಯ ಓದಿ ನಗುವೂ ಬಂತು. ನಾನು ಬರೆಯದೆ ಇದ್ದದ್ದು ಹಟದಿಂದಲ್ಲ, ನಿಮ್ಮ ಮನಸ್ಸು ನೋಯಿಸಿದೆನಲ್ಲ ಎಂದು ಕೈ ಬರಲಿಲ್ಲ.

ಕಿತ್ತಿಲ್ಲ. ಮಂಜೇಶ್ ಅವರಿಗೆ ಅಕ್ಟೋಬರ್ ತನಕ ಕಾಯಿರಿ ಎಂದಿದ್ದೇನೆ. ಮೊನ್ನೆ ಕೈಲ್‌ಪೊಳ್ದ್ ಹಬ್ಬ ಕಳೆಯಿತು. ಮಳೆಯೂ ಇಳಿದಿದೆ. ಈ ವರ್ಷ ಬೇಗನೇ ಬಿಸಿಲು ಕಂಡಿತೆಂದು ಬೋಜ ನಿನ್ನೆ ಮೇಲೆ ಹತ್ತಿ ಗೋಡೆಯ ಪ್ಲಾಸ್ಟಿಕ್ಕನ್ನೆಲ್ಲ ಬಿಚ್ಚಿದ. ಅದನ್ನು ಹಿಡಿದಿದ್ದ ಕೆಳಗಿನ ಮರದ ರೀಪರ್ ಪಟ್ಟಿ ಕೀಳುವಾಗ ನಿಮ್ಮ ತಗಡೂ ಅಲ್ಲಲ್ಲಿ ಅದರ ಜೊತೆ ಎದ್ದು ಬಂತು. ಬೋಜ ಸುತ್ತಿಗೆಯಲ್ಲಿ ಬಡಿದು ಮತ್ತೆ ಕೂರಿಸಿದ್ದಾನೆ. ಬೈಯಬೇಡಿ.

ಈಗ ಸೋರುವುದಿಲ್ಲ. ಮಳೆಯೇ ಇಲ್ಲವಲ್ಲ.

ಸುಮಿತಾ


ಹೆಬ್ಬಾಲೆ
10 ಸೆಪ್ಟೆಂಬರ್ 2024

ಸುಮಿತಾ,

ಯಾವ ಪ್ಲಾಸ್ಟಿಕ್?

ಯಾವ ರೀಪರ್? ಅದನ್ನು ಎಲ್ಲಿಗೆ ಹೊಡೆದಿದ್ದರು? ಯಾತರಿಂದ ಹೊಡೆದಿದ್ದರು? ಯಾವಾಗ? ಯಾರು ಹೇಳಿದ್ದು? ನಾನು ಗೋಡೆ ಮುಗಿಸಿ ಕೊಟ್ಟಾಗ ಅಲ್ಲಿ ಪ್ಲಾಸ್ಟಿಕ್ಕೂ ಇರಲಿಲ್ಲ, ರೀಪರೂ ಇರಲಿಲ್ಲ. ನನ್ನ ತಗಡು ರೀಪರಿನ ಜೊತೆ ಎದ್ದು ಬರಬೇಕಾದರೆ ಅವೆರಡಕ್ಕೂ ಏನು ಸಂಬಂಧ?

ಇವತ್ತೇ ಉತ್ತರ ಬರೆ. ಕಾಗದವನ್ನು ಅಂಚೆಗೆ ಹಾಕಬೇಡ, ಕುಶಾಲನಗರದ ಬಸ್ಸಿನ ಕಂಡಕ್ಟರ್ ಕೈಗೆ ಕೊಡು.

ಸಿದ್ದರಾಜು


ಹುದಿಕೇರಿ
13 ಸೆಪ್ಟೆಂಬರ್ 2024

ಸಿದ್ದರಾಜಣ್ಣನಿಗೆ,

ನೀವು ಕೇಳಿದ್ದು ನೋಡಿ ನನಗೇ ಗೊಂದಲವಾಯಿತು. ಮಳೆಗಾಲದ ಪ್ಲಾಸ್ಟಿಕ್ ಅಣ್ಣ. ಹುದಿಕೇರಿಯಲ್ಲಿ ಪಶ್ಚಿಮದ ಗೋಡೆಗೆ ಪ್ಲಾಸ್ಟಿಕ್ ಹೊದಿಸದ ಕಟ್ಟಡ ಯಾವುದುಂಟು? ಇಲ್ಲಿ ಮಳೆ ಮೇಲಿಂದ ಬೀಳುವುದಿಲ್ಲ, ಗಾಳಿಯ ಜೊತೆ ಅಡ್ಡ ಬಂದು ಗೋಡೆಗೆ ಬಡಿಯುತ್ತದೆ. ಹೊದಿಸದಿದ್ದರೆ ಗೋಡೆ ನೀರು ಕುಡಿದು ಒಳಗೆಲ್ಲ ಪಾಚಿ. ಮೇ ಕೊನೆಗೆ ಎಲ್ಲರೂ ಹೊದಿಸುತ್ತೇವೆ, ಮಳೆ ಬಿಟ್ಟ ಮೇಲೆ ಬಿಚ್ಚಿ ಮಡಿಸಿ ಇಡುತ್ತೇವೆ. ಇದನ್ನು ಬರೆಯಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಮಳೆಗೆ ಕೊಡೆ ಹಿಡಿದೆ ಎಂದು ಯಾರಾದರೂ ಕಾಗದ ಬರೆಯುತ್ತಾರಾ?

ಬೋಜನನ್ನು ಕೇಳಿದೆ. "ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ ಅಕ್ಕ. ಕೆಳಗಿಂದು ಸರೀ ಬುಡಕ್ಕೆ ಹೊಡೀಬೇಕು, ಇಲ್ದಿದ್ರೆ ಗಾಳಿ ಒಳಗೆ ನುಗ್ಗಿ ಪ್ಲಾಸ್ಟಿಕ್ ಹಾರಿಸ್ತದೆ" ಎಂದ. ಬುಡ ಎಂದರೆ ನಿಮ್ಮ ತಗಡು. ಆಣಿ ಅದರಲ್ಲೇ ಇಳಿದಿದೆ. ನೀವು ಇನ್ನಷ್ಟು ಬಂದೋಬಸ್ತು ಮಾಡಿಸು ಎಂದು ಬರೆದಿರಲ್ಲ, ಆಗ ಅವನು ಇನ್ನೊಂದು ಪಟ್ಟಿ ಹೊಡೆದ. ಇನ್ನಷ್ಟು ಆಣಿ. ಈಗ ಅರ್ಥವಾಗುತ್ತಿದೆ, ಗಾಳಿ ಪ್ಲಾಸ್ಟಿಕ್ಕನ್ನು ಗೋಡೆಗೆ ಒತ್ತಿ ಹಿಡಿದಾಗ ಅದರ ಹಿಂದೆ ಸಿಕ್ಕಿಕೊಂಡ ನೀರು, ಗಾಳಿ ನಿಂತ ಮೇಲೆ ಪಟ್ಟಿಗೆ ಇಳಿದು ನಿಂತು, ಆಣಿಯ ತೂತಿನಲ್ಲಿ ಇಳಿಯುತ್ತಾ ಇತ್ತು. ಮಂಜೇಶ್ ಅವರಿಗೆ ಅಂಕುಡೊಂಕು ಕಂಡದ್ದೂ ಬೋಜನ ಸುತ್ತಿಗೆ ಏಟು. ಅವರೂ ಈ ಕಡೆಯವರೇ, ಪ್ಲಾಸ್ಟಿಕ್ಕಿನ ಮೂಲೆ ಎತ್ತಿ ನೋಡಿಯೂ ಅದರ ಮೇಲೆ ಅನುಮಾನ ಬರಲಿಲ್ಲ.

ನಿಮ್ಮ ಕೈಯ ತಪ್ಪಲ್ಲ ಅಣ್ಣ. ಮನೆಯಲ್ಲಿ ಧೈರ್ಯವಾಗಿ ಹೇಳಿ.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿದೆ. ಜೂನಿನಲ್ಲಿ ಒಮ್ಮೆ ಬಂದಿದ್ದರೆ, ಬಸ್ಸಿನ ಕಿಟಕಿಯಿಂದಲೇ ನಿಮಗೆ ಕಾಣುತ್ತಿತ್ತು. ಊರೆಲ್ಲ ನೀಲಿ ಪ್ಲಾಸ್ಟಿಕ್.

ಸುಮಿತಾ


ಹೆಬ್ಬಾಲೆ
27 ಸೆಪ್ಟೆಂಬರ್ 2024

ಸುಮಿತಾ,

ನಿನ್ನ ಕಾಗದ ಬಂದ ದಿನ ಪುಟ್ಟನ ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಕುಡಿದರು. ಬೋಜನನ್ನು ಮನಸ್ಸಿನಲ್ಲೇ ಬೈದುಕೊಂಡು, ಗೆದ್ದೆ ಎಂದು ಮನೆಗೆ ಹೋದೆ. ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ಕಾಗದಗಳನ್ನೆಲ್ಲ ಮುಂದೆ ಹಾಕಿದೆ. "ಓದ್ರೋ" ಎಂದೆ. ತೇಜಸ್ ಓದಿದ. ಓದಿ, "ಆಯ್ತು ಬಿಡಪ್ಪ, ನಿನ್ನ ತಪ್ಪಲ್ಲ" ಎಂದ. ಅಲ್ಲಿಗೆ ಮುಗಿಯಬೇಕಿತ್ತು.

ಉಷಾರಾಣಿ ಸುಮ್ಮನಿರಲಿಲ್ಲ. "ಮಾವ, ಆಯಮ್ಮ ಅಷ್ಟು ಸಲ ಬನ್ನಿ ಬನ್ನಿ ಅಂತ ಕರೆದವ್ರೆ. ಗೃಹಪ್ರವೇಶ ಯಾರ ಮನೇಲಿತ್ತು?" ಎಂದಳು.

ಯಾರ ಮನೆಯಲ್ಲೂ ಇರಲಿಲ್ಲ ಸುಮಿತಾ. ಶುಂಠಿಗೆ ಮಣ್ಣನ್ನು ಆಳುಗಳು ಕೊಟ್ಟರು. ಏಪ್ರಿಲಿನಿಂದ ನನ್ನ ಬಲ ಮಂಡಿ ಮಡಚುತ್ತಿಲ್ಲ. ನಮ್ಮ ಜಗಲಿಯ ಮೆಟ್ಟಿಲನ್ನೇ ಗೋಡೆ ಹಿಡಿದು ಹತ್ತುತ್ತೇನೆ. ನಿನ್ನ ಅಂಗಡಿ ಮೇಲೆ, ತಾರಸಿ ಅದಕ್ಕೂ ಮೇಲೆ. ಬೋಜ ಕೈ ಕೊಟ್ಟು ಎಳೆಯುವುದನ್ನು, ಕೆಳಗೆ ನಿಂತು ನೀನು ನೋಡುವುದನ್ನು ನೆನೆದೇ ನಾನು ಬಸ್ಸು ಹತ್ತಲಿಲ್ಲ. ಕೈ ಹೋಯಿತೋ ಏನೋ ಎಂದು ಕೊಟ್ಟಿಗೆಯಲ್ಲಿ ಪರೀಕ್ಷೆ ಮಾಡಿದೆ. ಹೋದದ್ದು ಕಾಲು, ಅದು ನನಗೆ ಮೊದಲೇ ಗೊತ್ತಿತ್ತು.

ಎಷ್ಟೋ ವರ್ಷದಿಂದ ನಿಮ್ಮ ಕಡೆ ಕೆಲಸ ಮಾಡಿದ್ದೇನೆ. ಬಿಸಿಲಿನಲ್ಲಿ ಬರುತ್ತೇನೆ, ಬಿಸಿಲಿನಲ್ಲಿ ಹೋಗುತ್ತೇನೆ. ನನ್ನ ತಾರಸಿ ಮಳೆಯಲ್ಲಿ ಹೇಗಿರುತ್ತದೆ ಎಂದು ಒಂದು ಸಲವೂ ಬಂದು ನೋಡಿಲ್ಲ. ಹಿಂದೆ ಬರಬಹುದಿತ್ತು, ಬರಲಿಲ್ಲ. ಈಗ ಬರಬೇಕಾಗಿತ್ತು, ಬರಲಾಗಲಿಲ್ಲ. ನಾನು ಗೆದ್ದೆನೋ ಸೋತೆನೋ ಇನ್ನೂ ನನಗೆ ತಿಳಿದಿಲ್ಲ. ಆದರೆ ಸೋರಿತೋ ಇಲ್ಲವೋ ಎಂದು ಕೇಳಿದರೆ ಸೋರಿತು. ಆಡಿದ ಮಾತು ಆಡಿದ್ದೇ. ಕರಣೆಯನ್ನು ತೊಳೆದು ಎಣ್ಣೆ ಸವರಿ ರಾಮಮ್ಮನ ಕೈಗೆ ಕೊಟ್ಟೆ. ಅವಳು ಸೆರಗಿನಲ್ಲಿ ಒರೆಸಿ ಒಳಗೆ ತೆಗೆದುಕೊಂಡು ಹೋದಳು.

ಈಗ ಕೆಲಸದ ಮಾತು. ಮಂಜೇಶನಿಗೆ ಹೇಳು, ಆಣಿ ಬಿದ್ದ ತಗಡನ್ನು ಪೂರ್ತಿ ತೆಗೆಯಲಿ, ಕೆಳಗಿನ ಲೇಪವನ್ನೂ ಹೊಸದಾಗಿ ಹತ್ತಿಸಲಿ. ಪ್ಲಾಸ್ಟಿಕ್ ಹೊದಿಸಬೇಡಿ ಎಂದು ನಾನು ಹೇಳುವುದಿಲ್ಲ, ನಿಮ್ಮ ಮಳೆ ನಿಮಗೆ ಗೊತ್ತು. ತಗಡಿಗಿಂತ ಗೇಣು ಮೇಲೆ ಗೋಡೆಯಲ್ಲಿ ಕೊಕ್ಕೆಗಳನ್ನು ಶಾಶ್ವತವಾಗಿ ಕೂರಿಸಿ, ಅವುಗಳ ಬುಡ ಚೆನ್ನಾಗಿ ಮುಚ್ಚಲಿ. ಬೋಜ ಅವಕ್ಕೆ ಹಗ್ಗ ಬಿಗಿಯಲಿ. ಪ್ಲಾಸ್ಟಿಕ್ಕಿನ ಕೆಳಗಿನ ಅಂಚನ್ನು ಸಡಿಲ ಬಿಟ್ಟು ಮರಳಿನ ಚೀಲ ಹೇರಿ. ಸುತ್ತಿಗೆಯನ್ನು ಬೋಜನ ಕೈಯಿಂದ ಕಿತ್ತುಕೊಳ್ಳಿ.

ಮಂಜೇಶ ಕೆಲಸ ಮಾಡುವ ದಿನ ನಾನು ಬರುತ್ತೇನೆ. ಆ ಹುಡುಗನ ಮುಖ ನೋಡಬೇಕು, ಒಂದೆರಡು ಮಾತು ಬೈಯಬೇಕು. ಕೆಳಗೆ ಗೊಬ್ಬರದ ಅಂಗಡಿಯ ಮುಂದೆ ಒಂದು ಕುರ್ಚಿ ಹಾಕಿಸು. ಕಾಫಿ ಅಲ್ಲಿಗೇ ಕಳಿಸು. ಅವನು ಮೇಲಿಂದ ಕೂಗಿ ಕೇಳಲಿ, ನಾನು ಕೆಳಗಿಂದ ಹೇಳುತ್ತೇನೆ.

ನೀನು ಮಾತ್ರ ಮರ್ಯಾದೆಗೆ ಕೂಡ "ಮೇಲೆ ಬನ್ನಿ ಅಣ್ಣ" ಎನ್ನಬೇಡ. ಕರೆದರೆ ಹತ್ತಿಬಿಡುತ್ತೇನೆ.

ಸಿದ್ದರಾಜು